ವಾರಾಂತ್ಯದ ಟ್ರೆಕ್‌ನಿಂದ ತೂಕ ಇಳಿಯುತ್ತದೆಯೇ? ವಾಚ್ ತೋರಿಸುವ ಕ್ಯಾಲೊರಿಯನ್ನು ಎಷ್ಟು ನಂಬಬಹುದು?

‘ಖಾಲಿ ಹೊಟ್ಟೆಯಲ್ಲಿ ಬೆಟ್ಟ ಹತ್ತಿ, ಒಂದೇ ದಿನಕ್ಕೆ ಒಂದು ಕೆ.ಜಿ. ಕೊಬ್ಬು ಕರಗುತ್ತದೆ.’ ‘ಟ್ರೆಕ್ ಮಾಡಿ ಬಂದ ದಿನ ಏನು ಬೇಕಾದರೂ ತಿನ್ನಬಹುದು, ಎಲ್ಲ ಕರಗಿ ಹೋಗಿರುತ್ತದೆ.’ ವಾಟ್ಸಾಪ್ ಗುಂಪುಗಳಲ್ಲಿ ಈ ಎರಡೂ ಬಗೆಯ ಮಾತುಗಳು ಓಡಾಡುತ್ತಿರುತ್ತವೆ. ಒಂದು ಊಟ ಬಿಡಿ ಎನ್ನುತ್ತದೆ, ಇನ್ನೊಂದು ಹೊಟ್ಟೆ ಬಿರಿಯುವಷ್ಟು ತಿನ್ನಿ ಎನ್ನುತ್ತದೆ. ಎರಡೂ ತಪ್ಪು. ಮೊದಲನೆಯದು ಅಪಾಯಕಾರಿಯೂ ಹೌದು.

ಚುಟುಕಾಗಿ ಹೇಳುವುದಾದರೆ: ಟ್ರೆಕ್ ದಿನ ಊಟ ಕಡಿಮೆ ಮಾಡಬೇಡಿ. ತೂಕ ಇಳಿಸುವ ಕೆಲಸವನ್ನು ವಾರದ ಉಳಿದ ದಿನಗಳಿಗೆ ಬಿಡಿ. ಲೆಕ್ಕವನ್ನು ದಿನಕ್ಕಲ್ಲ, ವಾರಕ್ಕೆ ಹಾಕಿ. ಹೀಗೇಕೆ ಎಂಬುದನ್ನು ನೋಡೋಣ.

ಒಂದು ದಿನದ ಟ್ರೆಕ್‌ಗೆ ಎಷ್ಟು ಕ್ಯಾಲೊರಿ ಖರ್ಚಾಗುತ್ತದೆ?

ಸುಮ್ಮನೆ ಕುಳಿತಾಗ ನಮ್ಮ ದೇಹ ಗಂಟೆಗೆ ಪ್ರತಿ ಕೆ.ಜಿ. ತೂಕಕ್ಕೆ ಸುಮಾರು 1 ಕ್ಯಾಲೊರಿ ಬಳಸುತ್ತದೆ. ಗುಡ್ಡಗಾಡಿನಲ್ಲಿ ನಡೆಯುವಾಗ ಇದು ಸುಮಾರು 6 ಪಟ್ಟಾಗುತ್ತದೆ. 70 ಕೆ.ಜಿ. ತೂಕದವರು ನಿಜವಾಗಿ 6 ಗಂಟೆ ನಡೆದರೆ 70 × 6 × 6, ಅಂದರೆ ಸುಮಾರು 2,500 ಕ್ಯಾಲೊರಿ. ಆದರೆ ಆ 6 ಗಂಟೆ ಮನೆಯಲ್ಲೇ ಕುಳಿತಿದ್ದರೂ 420 ಕ್ಯಾಲೊರಿ ಖರ್ಚಾಗುತ್ತಿತ್ತು. ಅದನ್ನು ಕಳೆದರೆ ಟ್ರೆಕ್‌ನಿಂದ ಹೆಚ್ಚುವರಿಯಾಗಿ ಆದ ಖರ್ಚು ಸುಮಾರು 2,100.

ಒಂದು ಕೆ.ಜಿ. ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ಈ ವ್ಯಕ್ತಿಯ ಮಾಮೂಲಿ ದಿನದ ಖರ್ಚು 2,200 ಎಂದುಕೊಳ್ಳಿ. ಟ್ರೆಕ್ ಸೇರಿದರೆ 4,300. ಆ ದಿನ ಅವರು ಒಂದು ತುತ್ತೂ ತಿನ್ನದಿದ್ದರೂ, ಖರ್ಚೆಲ್ಲ ಕೊಬ್ಬಿನಿಂದಲೇ ಬಂದರೂ, ಕರಗುವುದು ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಅಷ್ಟೆ. ‘ಒಂದೇ ದಿನಕ್ಕೆ ಒಂದು ಕೆ.ಜಿ.’ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು.

ವಾಚ್ ಹೇಳುವ ಲೆಕ್ಕ ಎಷ್ಟು ಸರಿ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಗೆ ಕಟ್ಟುವ 7 ಬಗೆಯ ಸಾಧನಗಳನ್ನು 60 ಮಂದಿಯ ಮೇಲೆ ಪರೀಕ್ಷಿಸಲಾಗಿತ್ತು. ಹೃದಯ ಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲೊರಿ ಲೆಕ್ಕದಲ್ಲಿ ಮಾತ್ರ ಎಲ್ಲವೂ ಎಡವಿದವು. ಇದ್ದುದರಲ್ಲಿ ಉತ್ತಮವಾದ ಸಾಧನವೇ ಸರಾಸರಿ ಶೇ 27ರಷ್ಟು ತಪ್ಪು ಲೆಕ್ಕ ಕೊಟ್ಟಿತ್ತು. ಕಳಪೆಯಾದದ್ದರ ತಪ್ಪು ಶೇ 93.

ವಾಚ್ ಕ್ಯಾಲೊರಿಯನ್ನು ನೇರವಾಗಿ ಅಳೆಯುವುದಿಲ್ಲ. ಹೃದಯ ಬಡಿತ, ಹೆಜ್ಜೆ, ನಿಮ್ಮ ವಯಸ್ಸು, ತೂಕ ಇವುಗಳಿಂದ ಅಂದಾಜು ಮಾಡುತ್ತದೆ. ಬಿಸಿಲು, ನಿರ್ಜಲೀಕರಣ, ಬಂಡೆಯ ಅಂಚಿನಲ್ಲಿ ನಿಂತಾಗಿನ ಭಯ ಇವೆಲ್ಲ ಬಡಿತವನ್ನು ಏರಿಸುತ್ತವೆ. ಆದರೆ ಕ್ಯಾಲೊರಿ ಖರ್ಚು ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಹೀಗಾಗಿ ವಾಚ್ ತೋರಿಸಿದ ಅಷ್ಟನ್ನೂ ತಿಂದು ತುಂಬಿಸುವುದು ಸರಿಯಲ್ಲ. ತೂಕ ಇಳಿಸಬೇಕೆನ್ನುವವರು ಅದರ ಅರ್ಧವನ್ನು ಹೆಚ್ಚುವರಿ ಆಹಾರವಾಗಿ ಲೆಕ್ಕ ಹಿಡಿಯುವುದು ಎಚ್ಚರಿಕೆಯ ಒಂದು ಅಂದಾಜು.

ತಿಂದದ್ದರ ಲೆಕ್ಕ ಎಲ್ಲಿ ತಪ್ಪುತ್ತದೆ?

ತಪ್ಪು ವಾಚಿನದ್ದಷ್ಟೇ ಅಲ್ಲ, ನಮ್ಮದೂ ಇದೆ. ‘ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ’ ಎನ್ನುತ್ತಿದ್ದವರ ಪುಟ್ಟ ಗುಂಪೊಂದರ ಅಧ್ಯಯನ 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯಿತು. ಅವರು ತಾವು ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಹೇಳಿದ್ದರು, ದೈಹಿಕ ಚಟುವಟಿಕೆಯನ್ನು ಶೇ 51ರಷ್ಟು ಹೆಚ್ಚು ಹೇಳಿದ್ದರು. ಇದು ಬೇಕೆಂದೇ ಹೇಳುವ ಸುಳ್ಳಲ್ಲ. ಒಗ್ಗರಣೆಯ ಎಣ್ಣೆ, ಅನ್ನದ ಮೇಲಿನ ತುಪ್ಪ, ಮಾತಾಡುತ್ತಾ ಬಾಯಿಗೆ ಹಾಕಿಕೊಂಡ ಕಡಲೆಬೀಜ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಒಂದು ಟೀ ಚಮಚ ಎಣ್ಣೆಯಲ್ಲೇ ಸುಮಾರು 45 ಕ್ಯಾಲೊರಿ ಇದೆ.

ನಮ್ಮ ಅಡುಗೆಗಳಿಗೆ ಆ್ಯಪ್‌ನಲ್ಲಿ ‘ಚಿತ್ರಾನ್ನ 1 ಬೌಲ್’ ಎಂದು ಹಾಕಿದರೆ ಬರುವ ಅಂಕಿ ಯಾರ ಮನೆಯ ಚಿತ್ರಾನ್ನದ್ದೋ. ಅದಕ್ಕಿಂತ ಪಾತ್ರೆಗೆ ಹಾಕುವ ಮುನ್ನವೇ ಅಳೆಯುವುದು ಸುಲಭ. 200 ಗ್ರಾಂ ಅಕ್ಕಿ ಸುಮಾರು 700, ನಾಲ್ಕು ಟೀ ಚಮಚ ಎಣ್ಣೆ 180, 50 ಗ್ರಾಂ ಕಡಲೆಬೀಜ 280. ಒಟ್ಟು 1,160. ನಾಲ್ಕು ಪಾಲು ಮಾಡಿದರೆ ಒಬ್ಬರಿಗೆ 290. ಪದೇ ಪದೇ ಮಾಡುವ ಏಳೆಂಟು ಅಡುಗೆಗಳಿಗೆ ಒಮ್ಮೆ ಹೀಗೆ ಲೆಕ್ಕ ಮಾಡಿಟ್ಟುಕೊಂಡರೆ ಸಾಕು.

ಖಾಲಿ ಹೊಟ್ಟೆಯಲ್ಲಿ ಹತ್ತಿದರೆ ಹೆಚ್ಚು ಕೊಬ್ಬು ಕರಗುತ್ತದೆಯೇ?

ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡುವಾಗ ಆ ಹೊತ್ತಿನಲ್ಲಿ ದೇಹ ಕೊಬ್ಬನ್ನು ಸ್ವಲ್ಪ ಹೆಚ್ಚು ಬಳಸುತ್ತದೆ ಎಂಬುದು ನಿಜ. ಆದರೆ ದಿನಗಳ ಒಟ್ಟು ಲೆಕ್ಕದಲ್ಲಿ ಅದರಿಂದ ಲಾಭ ಕಾಣುವುದಿಲ್ಲ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 20 ಯುವತಿಯರು 4 ವಾರ ಕಡಿಮೆ ಕ್ಯಾಲೊರಿಯ ಆಹಾರ ಪಾಲಿಸಿದರು. ಕೆಲವರು ಖಾಲಿ ಹೊಟ್ಟೆಯಲ್ಲಿ, ಉಳಿದವರು ತಿಂದು ವ್ಯಾಯಾಮ ಮಾಡಿದರು. ಎರಡೂ ಗುಂಪಿನಲ್ಲಿ ಕೊಬ್ಬು ಕರಗಿದ್ದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ.

ಅದು ಒಂದು ಗಂಟೆಯ ವ್ಯಾಯಾಮ. ಬೆಟ್ಟದ ಮಾತು ಬೇರೆ. ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 500 ಗ್ರಾಂ ಮಾತ್ರ. ಹಲವು ಗಂಟೆಗಳ ಏರಿಕೆಯಲ್ಲಿ ಅದು ಬರಿದಾಗುತ್ತಾ ಬಂದಂತೆ ಕಾಲು ಸೋಲುತ್ತದೆ, ತಲೆ ಹಗುರಾಗುತ್ತದೆ, ಹೆಜ್ಜೆ ಎಲ್ಲಿಡಬೇಕೆಂಬ ಗಮನ ತಪ್ಪುತ್ತದೆ. ಕುಮಾರ ಪರ್ವತದ ತುದಿಯಿಂದ ಕುಕ್ಕೆಗೆ ಇಳಿಯುವುದೆಂದರೆ ಸಾವಿರ ಮೀಟರ್‌ಗೂ ಹೆಚ್ಚು ಇಳಿಜಾರು. ಅಲ್ಲಿ ಸುಸ್ತಾದ ಕಾಲು ಜಾರಿದರೆ ಆಂಬುಲೆನ್ಸ್ ಹತ್ತಿರ ಬರುವ ದಾರಿಯಿಲ್ಲ. 300 ಕ್ಯಾಲೊರಿ ಉಳಿಸಲು ಹೋಗಿ ಈ ಅಪಾಯ ತಂದುಕೊಳ್ಳುವುದು ಬೇಡ.

ಒಂದು ಗಂಟೆಗಿಂತ ದೀರ್ಘವಾದ ಶ್ರಮಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕೆಂಬುದು ಕ್ರೀಡಾ ಪೋಷಣೆಯಲ್ಲಿ ಒಪ್ಪಿತವಾದ ಸಲಹೆ. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಖರ್ಜೂರ, ಚಿಕ್ಕಿ, ಬೆಲ್ಲ, ಚಪಾತಿ ಸುರುಳಿ, ಪುಳಿಯೋಗರೆ ಎಲ್ಲವೂ ಆಗುತ್ತವೆ. ಹೊರಡುವ ಮುನ್ನ ಇಡ್ಲಿಯೋ ಉಪ್ಪಿಟ್ಟೋ ತಿನ್ನಿ, ದಾರಿಯಲ್ಲಿ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ.

ಹಾಗಾದರೆ ವಾರದ ಲೆಕ್ಕ ಹೇಗೆ?

ಮೇಲಿನ ವ್ಯಕ್ತಿಯನ್ನೇ ತೆಗೆದುಕೊಳ್ಳೋಣ.

• ಸೋಮವಾರದಿಂದ ಶುಕ್ರವಾರ: 2,200ರ ಬದಲು 1,800 ಕ್ಯಾಲೊರಿ. ಐದು ದಿನಕ್ಕೆ 2,000 ಕೊರತೆ.
• ಶನಿವಾರ ಟ್ರೆಕ್: ಖರ್ಚು ಸುಮಾರು 4,300, ಊಟ ತಿಂಡಿ ಎಲ್ಲ ಸೇರಿ 3,500. ಕೊರತೆ 800.
• ಭಾನುವಾರ ವಿಶ್ರಾಂತಿ: ಹಸಿವಿದ್ದಷ್ಟು, ಅಂದರೆ ಸುಮಾರು 2,200. ಕೊರತೆ ಇಲ್ಲ.

ವಾರದ ಒಟ್ಟು ಕೊರತೆ 2,800. ಕೊಬ್ಬಿನ ಲೆಕ್ಕದಲ್ಲಿ ಸುಮಾರು 350 ಗ್ರಾಂ. ಕಡಿಮೆ ಅನಿಸಬಹುದು. ಆದರೆ ಹೈದರಾಬಾದ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿ ಸುರಕ್ಷಿತ ಎನ್ನುವುದೇ ವಾರಕ್ಕೆ ಅರ್ಧ ಕೆ.ಜಿ. ಇಳಿಕೆಯನ್ನು. ತೂಕ ಇಳಿದಂತೆ ದೇಹದ ಖರ್ಚೂ ಇಳಿಯುವುದರಿಂದ ಈ ವೇಗ ತಿಂಗಳುಗಳ ಕಾಲ ಹೀಗೇ ಉಳಿಯುವುದಿಲ್ಲ ಎಂಬುದೂ ನೆನಪಿರಲಿ.

ಇನ್ನು ‘ಏನು ಬೇಕಾದರೂ ತಿನ್ನಬಹುದು’ ಎಂಬ ಮಾತು. ವಾಪಸು ಬರುವಾಗ ಹೆದ್ದಾರಿ ಹೋಟೆಲಿನಲ್ಲಿ ಒಂದು ಬಿರಿಯಾನಿ, ಕಬಾಬ್, ತಂಪು ಪಾನೀಯ, ಮರುದಿನ ‘ನಿನ್ನೆ ನಡೆದಿದ್ದೇನಲ್ಲ’ ಎಂದು ಇನ್ನೊಂದು ಸುತ್ತು ನಡೆದರೆ ವಾರವಿಡೀ ಉಳಿಸಿದ್ದರಲ್ಲಿ ಬಹುಪಾಲು ಎರಡು ದಿನದಲ್ಲೇ ಹೋಗುತ್ತದೆ. ಅದಕ್ಕೆ ಶನಿವಾರದ ರಾತ್ರಿಯೂಟವನ್ನೂ ಆ್ಯಪ್‌ನಲ್ಲಿ ಬರೆಯಿರಿ. ಚೆನ್ನಾಗಿ ಉಣ್ಣಿ, ಬರೆಯುವುದನ್ನು ಮಾತ್ರ ಬಿಡಬೇಡಿ.

ಸೋಮವಾರ ತೂಕ ಏಕೆ ಹೆಚ್ಚು ತೋರಿಸುತ್ತದೆ?

ಬಹಳ ಮಂದಿ ಧೈರ್ಯ ಕಳೆದುಕೊಳ್ಳುವುದು ಇಲ್ಲೇ. ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳಿಗೆ ಸಣ್ಣ ಸಣ್ಣ ಹಾನಿಯಾಗುತ್ತದೆ, ಅದನ್ನು ಸರಿಪಡಿಸುವ ಹಂತದಲ್ಲಿ ಅಲ್ಲಿ ನೀರು ಸೇರುತ್ತದೆ. ಒಂದರಿಂದ ಮೂರು ದಿನ ಕಾಡುವ ಕಾಲುನೋವೂ ಇದರದ್ದೇ. ಜತೆಗೆ ಪ್ರತಿ ಗ್ರಾಂ ಗ್ಲೈಕೋಜೆನ್ ಮರಳಿ ತುಂಬುವಾಗ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಪ್ಪು ಹೆಚ್ಚಿರುವ ಹೋಟೆಲ್ ಊಟವೂ ನೀರನ್ನು ತಡೆಯುತ್ತದೆ. ಹೀಗೆ ಒಂದೆರಡು ಕೆ.ಜಿ. ಹೆಚ್ಚು ಕಂಡರೆ ಅದು ಬಹುಪಾಲು ನೀರು. ಟ್ರೆಕ್ ಮುಗಿದ ತಕ್ಷಣ ತೂಕ ಕಡಿಮೆ ಕಂಡರೂ ಅಷ್ಟೆ, ಹೋಗಿರುವುದು ಬೆವರು. ಶುಕ್ರವಾರ ಬೆಳಗಿನ ತೂಕವನ್ನು ಹಿಂದಿನ ಶುಕ್ರವಾರದ್ದಕ್ಕೆ ಹೋಲಿಸಿ.

ನೀರಿನ ವಿಚಾರದಲ್ಲಿ ಇನ್ನೊಂದು ಮಾತು: ಬಾಯಾರಿಕೆ ಇಲ್ಲದಿದ್ದರೂ ಲೀಟರ್‌ಗಟ್ಟಲೆ ಬರೀ ನೀರು ಕುಡಿದರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ಬಾಯಾರಿದಂತೆಲ್ಲ ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ ಜತೆಗಿರಲಿ.

ಯಾರು ವಿಶೇಷ ಎಚ್ಚರ ವಹಿಸಬೇಕು?

• ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು. ಇವರು ಉಪವಾಸದಲ್ಲಿ ಬೆಟ್ಟ ಹತ್ತಿದರೆ ರಕ್ತದ ಸಕ್ಕರೆ ತೀರಾ ಕುಸಿಯಬಹುದು. ನಡುಕ, ತಣ್ಣನೆ ಬೆವರು, ತೊದಲು ಮಾತು ಕಂಡರೆ ತಕ್ಷಣ ನಿಂತು, ಪ್ರಜ್ಞೆ ಇದ್ದು ನುಂಗಲು ಆಗುತ್ತಿದ್ದರೆ 15ರಿಂದ 20 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ಕೊಡಿ, 15 ನಿಮಿಷದ ನಂತರ ಮತ್ತೆ ನೋಡಿ. ಹೊರಡುವ ಮುನ್ನವೇ ಔಷಧಿಯ ಪ್ರಮಾಣದ ಬಗ್ಗೆ ವೈದ್ಯರನ್ನು ಕೇಳಿ.
• ಹೃದಯದ ತೊಂದರೆ, ರಕ್ತದೊತ್ತಡ ಇರುವವರು ಮತ್ತು ಗರ್ಭಿಣಿಯರು.
• ತೂಕ ಇಳಿಸುವಾಗ ಮುಟ್ಟು ಏರುಪೇರಾದ ಅಥವಾ ನಿಂತ ಮಹಿಳೆಯರು. ಇದು ದೇಹಕ್ಕೆ ಆಹಾರ ಸಾಲುತ್ತಿಲ್ಲ ಎಂಬುದರ ಸೂಚನೆಯಿರಬಹುದು.
• ಒಂದು ತುತ್ತು ಹೆಚ್ಚಾದರೂ ತಪ್ಪು ಮಾಡಿದಂತೆ ಅನಿಸುವವರು, ತಿಂದದ್ದಕ್ಕೆ ಶಿಕ್ಷೆಯೆಂದು ಬೆಟ್ಟ ಹತ್ತುವವರು. ಇವರು ಆ್ಯಪ್ ಪಕ್ಕಕ್ಕಿಟ್ಟು ವೈದ್ಯರೊಂದಿಗೆ ಮಾತಾಡುವುದು ಒಳ್ಳೆಯದು.

ಫಾರ್ವರ್ಡ್ ಮಾಡುವ ಮುನ್ನ

‘ಖಾಲಿ ಹೊಟ್ಟೆಯಲ್ಲಿ ಹತ್ತಿ’ ಎಂಬ ಸಂದೇಶ ನಿಮ್ಮ ಗುಂಪಿಗೂ ಬಂದರೆ, ಆ ಗುಂಪಿನಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಚಿಕ್ಕಪ್ಪನೋ ಅತ್ತೆಯೋ ಇರಬಹುದು ಎಂದು ಒಮ್ಮೆ ಯೋಚಿಸಿ. ಆ ಸಂದೇಶ ನಿಮ್ಮಲ್ಲೇ ನಿಲ್ಲಲಿ. ಬದಲಿಗೆ ಇಷ್ಟನ್ನು ಕಳುಹಿಸಿ: ಬೆಟ್ಟಕ್ಕೆ ಹೋಗುವ ದಿನ ಹೊಟ್ಟೆ ತುಂಬಿರಲಿ, ಚೀಲದಲ್ಲಿ ಬಾಳೆಹಣ್ಣಿರಲಿ, ತೂಕದ ಲೆಕ್ಕ ವಾರಕ್ಕೊಮ್ಮೆ ಇರಲಿ.