ಡೈನಮೊ, ಕಟೌಟ್, ಹೈಡ್ರೋಮೀಟರ್: ಹಳೆಯ ಕಾರುಗಳ ಬ್ಯಾಟರಿ ಪರೀಕ್ಷೆ

ಮೊದಮೊದಲ ಕಾರುಗಳಲ್ಲಿ ಬ್ಯಾಟರಿಗೆ ಹೆಚ್ಚು ಕೆಲಸವಿರಲಿಲ್ಲ. ದೀಪ ಕಾರ್ಬೈಡಿನದು, ಕಿಡಿ ಬಹುಪಾಲು ಮ್ಯಾಗ್ನೆಟೊದ್ದು, ಎಂಜಿನ್ ಎಬ್ಬಿಸಲು ಹ್ಯಾಂಡಲ್. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ಗೆ ಬಂದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. 1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಕಂಡುಹಿಡಿದ ಸೀಸ-ಆಸಿಡ್ ಬ್ಯಾಟರಿ ಕಾರಿನ ಜೀವನಾಡಿಯಾಯಿತು. ಅದನ್ನು ತುಂಬಿಸುತ್ತಿರಲು ಡೈನಮೊ ಬಂತು.

ಎಷ್ಟು ತುಂಬಿಸಬೇಕು? ತಲೆನೋವು ಇದೇ. ಶುರುವಿನ ಡೈನಮೊಗಳಲ್ಲಿ ಮೂರನೆಯ ಬ್ರಷ್ ಒಂದನ್ನು ಹಿಂದೆ ಮುಂದೆ ಸರಿಸಿ ಕರೆಂಟ್ ಹೊಂದಿಸುತ್ತಿದ್ದರು. ಬ್ಯಾಟರಿ ತುಂಬಿದೆಯೋ ಬರಿದಾಗಿದೆಯೋ ಅದಕ್ಕೆ ತಿಳಿಯದು. ಜನರಲ್ ಮೋಟರ್ಸ್ 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಜೋಡಿಸತೊಡಗಿದ ಕಾರುಗಳು ಈ ಕಾಲದವು. 1973ರಲ್ಲಿ ವಾಶಿಯ ಖಾಡಿ ಸೇತುವೆ ತೆರೆಯುವ ತನಕ ಪುಣೆಗೆ ಹೊರಟ ವಾಹನ ಥಾಣೆ, ಮುಂಬ್ರಾ ಸುತ್ತಿ ಪನ್ವೇಲ್ ಸೇರಬೇಕಿತ್ತು. ಹಗಲಿನ ಅಂಥ ದೂರದ ಓಟದಲ್ಲಿ ಇಂಥ ಬ್ಯಾಟರಿ ಕುದಿದು ನೀರು ಆರುತ್ತದೆ. ಪೇಟೆಯ ಇಕ್ಕಟ್ಟಿನಲ್ಲಿ ರಾತ್ರಿ ತೆವಳಿದರೆ ಚಾರ್ಜೇ ಆಗದು. ಬಲ್ಲ ಚಾಲಕರು ದೂರದ ದಾರಿಯಲ್ಲಿ ಹಾಡಹಗಲೇ ಹೆಡ್‌ಲೈಟ್ ಉರಿಸುತ್ತಿದ್ದುದು ಹೆಚ್ಚಿನ ಕರೆಂಟ್ ಖರ್ಚು ಮಾಡಲಿಕ್ಕೆ! ದಾರಿಹೋಕರು ಏನೆಂದುಕೊಂಡರೋ.

ಗ್ಯಾರೇಜಿನ ಮುಖ್ಯ ಸಾಧನ ಹೈಡ್ರೋಮೀಟರ್. ರಬ್ಬರ್ ಬುರುಡೆ ಹಿಸುಕಿ ಬಿಟ್ಟರೆ ಗಾಜಿನ ನಳಿಗೆಯೊಳಕ್ಕೆ ಆಸಿಡ್ ಏರುತ್ತದೆ, ಒಳಗಿನ ತೇಲುಕಡ್ಡಿ ಸಾಂದ್ರತೆ ತೋರಿಸುತ್ತದೆ. ತಂಪು ದೇಶಗಳಲ್ಲಿ 1.280 ಎಂದರೆ ಪೂರ್ತಿ ಚಾರ್ಜ್. ಕೊಂಕಣದಂಥ ಸೆಕೆಯ ನಾಡಿಗೆ 1.230ರ ಆಸುಪಾಸೇ ಸಾಕೆಂದಿತ್ತು. ಬಿಸಿಲಲ್ಲಿ ಗಟ್ಟಿ ಆಸಿಡ್ ಪ್ಲೇಟುಗಳನ್ನು ಬೇಗ ತಿನ್ನುತ್ತದೆ. ಆರು ಸೆಲ್‌ಗಳಲ್ಲಿ ಐದು ಸರಿಯಾಗಿದ್ದು ಒಂದರ ಅಂಕಿ ಮಾತ್ರ ತೀರ ಕೆಳಗಿದ್ದರೆ ಆ ಸೆಲ್ ಕೆಟ್ಟಿದೆಯೆಂದೇ ಅರ್ಥ.

1930ರ ದಶಕದಲ್ಲಿ ಲೂಕಾಸ್ ಕಂಪನಿಯ ಕಂಟ್ರೋಲ್ ಬಾಕ್ಸ್ ಮೂರನೆಯ ಬ್ರಷ್ಷನ್ನು ಮೂಲೆಗೆ ಸರಿಸಿತು. ಅದರೊಳಗೆ ಎರಡು ಸುರುಳಿಗಳು: ವೋಲ್ಟೇಜ್ ಹಿಡಿತದಲ್ಲಿಡಲು ರೆಗ್ಯುಲೇಟರ್, ಎಂಜಿನ್ ನಿಂತಾಗ ಬ್ಯಾಟರಿಯ ಕರೆಂಟ್ ಡೈನಮೊಗೆ ಹಿಂದಿರುಗದಂತೆ ತಡೆಯಲು ಕಟೌಟ್. 12 ವೋಲ್ಟಿನ ಬಾಕ್ಸಿನಲ್ಲಿ 12.7ರಿಂದ 13.3 ವೋಲ್ಟಿನೊಳಗೆ ಕಟೌಟ್ ಕೂಡಿಕೊಳ್ಳಬೇಕು. ರೆಗ್ಯುಲೇಟರ್ ನೋಡಲು ಕಟೌಟಿನ ಪಾಯಿಂಟುಗಳ ನಡುವೆ ಕಾಗದದ ಚೂರು ತೂರಿಸಿ ವೋಲ್ಟ್‌ಮೀಟರ್ ಹಿಡಿಯುವುದು ರೂಢಿ. ಸೆಕೆ ಹೆಚ್ಚಿದಷ್ಟೂ ರೆಗ್ಯುಲೇಟರಿನ ವೋಲ್ಟೇಜ್ ಅಂಕಿ ತಗ್ಗಿಸಿಕೊಳ್ಳಬೇಕು.

ಭಾರತದಲ್ಲಿ ತಯಾರಾದ ಕಾರುಗಳಿಗೂ ಡೈನಮೊವೇ ಬಂತು. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ವಿದೇಶ ಸುತ್ತಿ ಯೋಜಿಸಿದ ಕಾರು ಕಾರ್ಖಾನೆಯನ್ನು ಮೈಸೂರು ಸಂಸ್ಥಾನದಲ್ಲಿ ನೆಲೆಗೊಳಿಸುವ ಯತ್ನ ಬ್ರಿಟಿಷರ ಒಪ್ಪಿಗೆಯಿಲ್ಲದೆ ಮುರಿದುಬಿತ್ತು. ಆ ಯತ್ನದಲ್ಲಿ ಜತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಕುರ್ಲಾದಲ್ಲಿ ತಯಾರಾದ ಫಿಯಟ್ 1100 ಕಾರಿನದೂ 12 ವೋಲ್ಟಿನ ಡೈನಮೊ ಏರ್ಪಾಡೇ. 1990ರ ದಶಕದಲ್ಲಿ ಕಂಪನಿಯ ಕಲ್ಯಾಣ್ ಘಟಕದಿಂದ ಪೂಜೊ 309 ಹೊರಬರುವಷ್ಟರಲ್ಲಿ ಡೈನಮೊ ಹಳೆಯ ಮಾತಾಗಿತ್ತು.

ಅದನ್ನು ಹಿಂದಿಕ್ಕಿದ್ದು ಆಲ್ಟರ್ನೇಟರ್. ಕ್ರೈಸ್ಲರ್ 1960ರಲ್ಲಿ ವೇಲಿಯಂಟ್ ಕಾರಿಗೆ ಅದನ್ನು ಕೂರಿಸಿತು. ಸಿಲಿಕಾನ್ ಡಯೋಡ್ ಕರೆಂಟನ್ನು ಒಮ್ಮುಖವಾಗಿ ಮಾತ್ರ ಬಿಡುವುದರಿಂದ ಕಟೌಟ್ ಬೇಕಿಲ್ಲ. ನಿಂತಲ್ಲೇ ಎಂಜಿನ್ ಓಡುತ್ತಿದ್ದರೂ ಚಾರ್ಜ್ ಆಗುತ್ತದೆ.

ನವಿ ಮುಂಬಯಿಯ ಮಗ್ಗುಲಿನ ತಳೋಜಾದಲ್ಲಿದ್ದ ಸ್ಟ್ಯಾಂಡರ್ಡ್ ಬ್ಯಾಟರೀಸ್‌ ಕಾರ್ಖಾನೆ 1998ರಲ್ಲಿ ಎಕ್ಸೈಡ್ ಪಾಲಾಯಿತು. ಬ್ಯಾಟರಿಯ ರೂಪವೂ ಬದಲಾಯಿತು: ಈಗಿನ ಎಷ್ಟೋ ಸೀಲ್ಡ್ ಬ್ಯಾಟರಿಗಳಲ್ಲಿ ತೆರೆಯಲು ಬಿರಡೆಗಳೇ ಇಲ್ಲ. ಮೇಲಿನ ಪುಟ್ಟ ಗಾಜಿನ ಕಣ್ಣಿನಲ್ಲಿ ಹಸಿರು ಗುಂಡು ಕಂಡರೆ ಆ ಸೆಲ್ಲಿನ ಚಾರ್ಜ್ ಚೆನ್ನಾಗಿದೆ. ಆಸಿಡ್ಡಿನ ಸಾಂದ್ರತೆಗೆ ತಕ್ಕಂತೆ ಏಳುವ, ಮುಳುಗುವ ಆ ಗುಂಡೂ ಒಂದು ಹೈಡ್ರೋಮೀಟರೇ.