ಮೈಸೂರು ಸಂಸ್ಥಾನದಲ್ಲಿ ಪರದೇಶೀಯರ ನೇಮಕವೂ ಪರವಾನಗಿಯೂ

ಸ್ಕಂದಗಿರಿಯೆಂದು ಈಗ ಪ್ರಸಿದ್ಧವಾಗಿರುವ ಕಳವಾರದ ಬೆಟ್ಟದ ಸುತ್ತಣ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಸೀಮೆಗಳಲ್ಲಿ ರೇಷ್ಮೆಯು ರೈತರ ಮುಖ್ಯ ಜೀವನೋಪಾಯಗಳಲ್ಲೊಂದು. ಈ ಕಸುಬನ್ನು ಸುಧಾರಿಸಲು ಹಿಂದೆ ಪರದೇಶಗಳ ತಜ್ಞರನ್ನು ನಾಡಿಗೆ ಕರೆಸಿದುದುಂಟು. ಅಂತಹವರನ್ನು ನೇಮಿಸಿಕೊಳ್ಳುವ ಅಧಿಕಾರವು ಯಾರ ಕೈಯಲ್ಲಿದ್ದಿತೆಂಬುದನ್ನು ಇಲ್ಲಿ ವಿಚಾರಿಸಬಹುದು.

ಟಿಪ್ಪು ಸುಲ್ತಾನನಿಗೆ ಈ ವಿಷಯದಲ್ಲಿ ಅನ್ಯರ ಅಪ್ಪಣೆ ಬೇಕಿರಲಿಲ್ಲ. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆಯಾದ 16ನೆಯ ಲೂಯಿಯನ್ನು ಕಂಡು, ಸೈನ್ಯಸಹಾಯದೊಡನೆ ಕುಶಲಕರ್ಮಿಗಳನ್ನೂ ಬೇಡಿದರು. ಸೈನ್ಯವು ದೊರೆಯಲಿಲ್ಲ, ಕೆಲವರು ಕುಶಲಕರ್ಮಿಗಳು ಮಾತ್ರ ಬಂದರು.

ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಸ್ವಾತಂತ್ರ್ಯವು ಹೋಯಿತು. ಇಂಗ್ಲಿಷ್ ಕಂಪೆನಿಯು ಬಾಲಕರಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರೊಡನೆ 1799ರ ಜುಲೈ 8ರಂದು ಮಾಡಿಕೊಂಡ ಒಡಂಬಡಿಕೆಯಲ್ಲಿ ಎರಡು ಕಟ್ಟುಗಳಿದ್ದುವು. ಕಂಪೆನಿಯ ಸಮ್ಮತಿಯಿಲ್ಲದೆ ಯೂರೋಪಿನ ಪರದೇಶೀಯರನ್ನು ಅರಸರು ಸೇವೆಗೆ ಸೇರಿಸಿಕೊಳ್ಳಬಾರದು. ಇಂಗ್ಲಿಷರ ರಹದಾರಿಯಿಲ್ಲದೆ ಸಂಸ್ಥಾನದಲ್ಲಿ ಕಂಡುಬಂದ ಯೂರೋಪಿಯನರನ್ನು ಹಿಡಿದು ಕಂಪೆನಿಗೆ ಒಪ್ಪಿಸಬೇಕು. ಫ್ರೆಂಚರ ಭಯವೇ ಇದಕ್ಕೆ ಕಾರಣವೆಂಬುದು ಸ್ಪಷ್ಟ.

ಆ ಭಯವು ಅಳಿದರೂ ಕಟ್ಟು ಅಳಿಯಲಿಲ್ಲ. 1881ರಲ್ಲಿ ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದಾಗ, ಭಾರತೀಯನಲ್ಲದ ಯಾರನ್ನೂ ಗವರ್ನರ್ ಜನರಲರ ಪೂರ್ವಾನುಮತಿಯಿಲ್ಲದೆ ನೇಮಿಸಕೂಡದೆಂದೂ, ಅವರು ಕೇಳಿದಾಗ ಅಂತಹವನನ್ನು ಕೆಲಸದಿಂದ ತೆಗೆಯಬೇಕೆಂದೂ ವಿಧಿಸಲಾಯಿತು. ಹಿಂದಿನ ನಿಷೇಧವು ಯೂರೋಪಿಯನರಿಗೆ ಸೀಮಿತವಾಗಿದ್ದರೆ, ಇದು ಜಪಾನೀಯನಿಗೂ ತಗಲುವಂತಹುದಾಯಿತು.

ಆದರೆ ಈ ವಿಧಿಯು ಅರಸರ ಸೇವೆಗೆ ಸಂಬಂಧಿಸಿದುದು; ಖಾಸಗಿ ಉದ್ಯಮಿಗಳನ್ನು ಕುರಿತುದಲ್ಲವೆಂಬುದನ್ನು ವಾಚಕರು ಗಮನಿಸಬೇಕು. 19ನೆಯ ಶತಮಾನದ ಕೊನೆಗೆ ಬೆಂಗಳೂರಿನಲ್ಲಿ ಜಮ್ಷೆಟ್‌ಜಿ ಟಾಟಾ ಅವರು ಸ್ಥಾಪಿಸಿದ ರೇಷ್ಮೆ ತೋಟದಲ್ಲಿ ಜಪಾನೀ ತಜ್ಞರೇ ಕೆಲಸ ಕಲಿಸಿದರು. ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–18) ಇಟಲಿಯ ವಾಷಿಂಗ್ಟನ್ ಮಾರಿಯವರನ್ನು ಸರ್ಕಾರವೇ ರೇಷ್ಮೆ ತಜ್ಞರನ್ನಾಗಿ ನೇಮಿಸಿತು. ಇದು ಸಂಸ್ಥಾನದ ನೌಕರಿ.

ರೇಷ್ಮೆಹುಳುವಿನ ರೋಗಕ್ಕೆ ಮದ್ದು ಬಲ್ಲವನನ್ನು ಕರೆಯುವುದಕ್ಕೂ, ಫಿರಂಗಿ ಎರಕ ಬಲ್ಲವನನ್ನು ಕರೆಯುವುದಕ್ಕೂ ಈ ವಿಧಿಯು ಭೇದವೆಣಿಸಲಿಲ್ಲ. ಇಂದು ಪರವಾನಗಿಗಾಗಿ ಕಾಯುವವನು ಹೊರಗಿನಿಂದ ಬರುವ ಕೆಲಸಗಾರ ಮತ್ತು ಅವನ ಧಣಿ. ಅಂದು ಕಾಯಬೇಕಾಗಿದ್ದವನು ನಾಡಿನ ದೊರೆ. 1947ರಲ್ಲಿ ಬ್ರಿಟಿಷರ ಪರಮಾಧಿಕಾರವು ಕೊನೆಗೊಂಡುದರೊಡನೆ ಆ ಕಟ್ಟೂ ಕಳಚಿತು. ಸಂಸ್ಥಾನದ ಸ್ವಾತಂತ್ರ್ಯವನ್ನು ಅದರ ಸೈನ್ಯದಿಂದಲೂ ಖಜಾನೆಯಿಂದಲೂ ಅಳೆಯುವ ಚರಿತ್ರಕಾರರು ಅದರ ನೇಮಕದ ಹುಕುಮುಗಳನ್ನೂ ಪರೀಕ್ಷಿಸುವುದು ಅವಶ್ಯಕ.