ಹತ್ತಿಯ ರಸ್ತೆ, ನಡೆಯುವವರ ಹಾದಿ

ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲೆಗೆ ಇಳಿಯುವ ಅರಬೈಲು ಘಟ್ಟ. ಈ ಹಳೆಯ ರಸ್ತೆಗಳ ಪಕ್ಕ ಜನ ಆರಾಮಾಗಿ ನಡೆದು ಹೋಗೋದಕ್ಕೆ ಒಂದು ಹಾದಿ ಮಾಡಿದರೆ ಚೆಂದ ಎಂದು ಕೆಲವು ಸ್ನೇಹಿತರು ಹೇಳುವುದುಂಟು. ಕಾಡು, ತೊರೆ, ಮಂಜು, ಜೊತೆಗೆ ಪರಂಪರೆ. ಬೇಡ ಅನ್ನೋಕೆ ನಾನ್ಯಾರು? ಆದರೆ ಪರಂಪರೆ ಎಂಬ ಮಾತು ಬಂದ ಕೂಡಲೇ ಯಾರ ಪರಂಪರೆ ಎಂದು ಕೇಳುವುದು ದಲಿತ ವಿಮರ್ಶೆಯ ಮೊದಲ ಕೆಲಸ.

ಈ ರಸ್ತೆಗಳು ವಿಹಾರಕ್ಕೆ ಹುಟ್ಟಿದವಲ್ಲ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಪೇಟೆಯಲ್ಲಿ ಅದರ ಹೆಸರೇ ‘ಕುಮಟಾ ಹತ್ತಿ’. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ತತ್ವಾರವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. ಬಂದರು ಬೇಕು, ಬಂದರಿಗೆ ಗಾಡಿರಸ್ತೆ ಬೇಕು. ಅಲ್ಲಿ ಹತ್ತಿ ಬಿಡಿಸಿದವರು ಆಫ್ರಿಕಾ ಮೂಲದ ಗುಲಾಮರು. ಇಲ್ಲಿ, ಯಲ್ಲಾಪುರದ ಕಾಡಿನಲ್ಲಿ, ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರ ವಂಶದ ಸಿದ್ದಿಗಳು. ಇದನ್ನು ಕಾಕತಾಳೀಯ ಅಂತ ಬಿಟ್ಟುಬಿಡೋಣವೇ?

1801ರಲ್ಲಿ ಈ ಸೀಮೆ ಹಾಯ್ದು ಹೋದ ಬುಕಾನನ್ ಕೆನರಾದಲ್ಲಿ ಜೀತದಾಳುಗಳ ಜಾತಿಗಳನ್ನು ಕಂಡು ಬರೆದ. ಗುಲಾಮಗಿರಿಗೆ ಕಾನೂನಿನ ಬಲ ತಪ್ಪಿದ್ದು 1843ರಲ್ಲಿ. 1883ರ ಕೆನರಾ ಗೆಜೆಟಿಯರಿನಲ್ಲಿ ಜಾತಿಗಳ ಅಧ್ಯಾಯ ಒಂದು ಕಡೆ, ರಸ್ತೆ-ವ್ಯಾಪಾರದ ಅಧ್ಯಾಯ ಇನ್ನೊಂದು ಕಡೆ. ಆಳುವವರ ಚರಿತ್ರೆ ಬರೆಯುವ ಕ್ರಮವೇ ಇದು. ಖಡಿ ಒಡೆದ ಕೈ ಒಂದು ಪುಟದಲ್ಲಿ, ಖಡಿ ಹಾಸಿದ ರಸ್ತೆ ಮತ್ತೊಂದು ಪುಟದಲ್ಲಿ. ಎರಡನ್ನೂ ಒಟ್ಟಿಗೆ ಓದಬೇಕಾದವರು ನಾವು. ಮುಂದೆ, 1880ರ ದಶಕದಲ್ಲಿ, ರೈಲು ಮರ್ಮಗೋವೆಗೆ ಹೋಯಿತು. ಹತ್ತಿ ಅದರ ಹಿಂದೆ ಹೋಯಿತು. ಹೇರು ಹೊತ್ತವರು ಇಲ್ಲೇ ಉಳಿದರು.

ನಡಿಗೆ ಒಬ್ಬರಿಗೆ ಬಿಡುವು, ಇನ್ನೊಬ್ಬರಿಗೆ ದುಡಿಮೆ. ನಮ್ಮವರಿಗೆ ಅದು ಹೋರಾಟವೂ ಹೌದು. ವೈಕಂನಲ್ಲಿ 1924ರಿಂದ 1925ರವರೆಗೆ ಸತ್ಯಾಗ್ರಹ ನಡೆದದ್ದು ದೇವರಿಗಾಗಿ ಅಲ್ಲ, ಗುಡಿಯ ಸುತ್ತಲ ರಸ್ತೆಯಲ್ಲಿ ಕಾಲಿಡುವುದಕ್ಕಾಗಿ. ಸಾರ್ವಜನಿಕ ಬಾವಿ, ಧರ್ಮಶಾಲೆ, ಶಾಲೆಗಳನ್ನು ಅಸ್ಪೃಶ್ಯರಿಗೆ ತೆರೆಯಬೇಕೆಂಬ ಬೋಳೆಯವರ ಗೊತ್ತುವಳಿ 1923ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಪಾಸಾಯಿತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳೂ ಅದೇ ಪ್ರಾಂತ್ಯದಲ್ಲಿದ್ದವು. ಆದರೆ ಗೊತ್ತುವಳಿ ಪಾಸಾದ ಮಾತ್ರಕ್ಕೆ ಬಾವಿ ತೆರೆಯುವುದಿಲ್ಲ. ಅದಕ್ಕೇ 1927ರಲ್ಲಿ ಬಾಬಾಸಾಹೇಬರು ಮಹಾಡಿನ ಕೆರೆಗೆ ಇಳಿಯಬೇಕಾಯಿತು. ಸಂವಿಧಾನದ 15(2)ನೇ ವಿಧಿ ರಸ್ತೆಗಳನ್ನೂ ಸಾರ್ವಜನಿಕರು ಸೇರುವ ಜಾಗಗಳನ್ನೂ ಹೆಸರಿಸಿ ಹೇಳುತ್ತದೆ. ವಿಹಾರದ ಹಾದಿಯೆಂದರೆ ಅದೇ ತಾನೆ?

ಈಗ ಅಸಲಿ ಪ್ರಶ್ನೆ. ಹಾದಿಗೆ ಜಾಗ ಎಲ್ಲಿಂದ? ಘಟ್ಟದಲ್ಲಿ ರಸ್ತೆಯ ಪಕ್ಕ ಇರುವುದು ಕಾಡು, ಕಾಡಿನಂಚಿನಲ್ಲಿ ಗುಡಿಸಲು. 2006ರ ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಯಿಂದ 75 ವರ್ಷಗಳ, ಅಂದರೆ ಮೂರು ತಲೆಮಾರಿನ, ಪುರಾವೆ ಕೇಳುತ್ತದೆ. ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಅವರಿಗೆ ಈ 75 ವರ್ಷದ ಗೋಜಿಲ್ಲ. ಪರಿಶಿಷ್ಟ ಜಾತಿಯವನಿಗೆ ಇದೆ. ಅಕ್ಷರವನ್ನೇ ಕೊಡದವರು ಅವನ ಅಜ್ಜನ ಕಾಗದ ಕೇಳ್ತಾರೆ! ವಿಹಾರಕ್ಕೆ ಬರುವವನ ಪುರಾವೆ ಮಾತ್ರ ಯಾರೂ ಕೇಳೋದಿಲ್ಲ.

ಹಾದಿ ಬೇಡ ಎಂದು ನಾನು ಹೇಳುತ್ತಿಲ್ಲ. ಮೊದಲು ಗುಡಿಸಲಿನವರಿಗೆ ಹಕ್ಕುಪತ್ರ, ಆಮೇಲೆ ಹಾದಿ. ಆ ಹಾದಿಯಲ್ಲಿ ನಿಲ್ಲಿಸುವ ಫಲಕಗಳಲ್ಲಿ ಹಕ್ಕಿಗಳ ಹೆಸರಿನ ಜೊತೆಗೆ ಹೇರು ಹೊತ್ತವರ, ಕಲ್ಲು ಒಡೆದವರ ಕತೆಯೂ ಇರಲಿ. ಅದನ್ನು ಬರೆಯುವವರು ಅವರ ಮಕ್ಕಳೇ ಆಗಿರಲಿ.